ಆರೋಗ್ಯದ ಪಾಠ ಮಾಡುವ ಮೇಷ್ಟ್ರಿಗೆ ಪಾಠ ಮಾಡುವವರು ಯಾರು?

2025ರ ಜೂನ್ ಕೊನೆಗೆ ನಿಮ್ಮ ವಾಟ್ಸಾಪ್ ಗುಂಪುಗಳಲ್ಲಿ ಹಾಸನದ ಹೆಸರು ಎಷ್ಟು ಸಲ ಬಂದಿತ್ತು, ನೆನಪಿದೆಯೇ? ಜಿಲ್ಲೆಯಲ್ಲಿ 40 ದಿನಗಳಲ್ಲಿ 20ಕ್ಕೂ ಹೆಚ್ಚು ಜನ ಹೃದಯಾಘಾತದಿಂದ ಸತ್ತರು ಎಂಬ ಸುದ್ದಿ. ಅದರ ಬೆನ್ನಿಗೇ ‘ಇದೆಲ್ಲ ಕೋವಿಡ್ ಲಸಿಕೆಯ ಪರಿಣಾಮ’ ಎಂಬ ಸಂದೇಶಗಳು. ಜೊತೆಗೆ ವರ್ಷಗಳಿಂದ ಸುತ್ತುತ್ತಲೇ ಇರುವ ‘ಒಬ್ಬರೇ ಇದ್ದಾಗ ಎದೆನೋವು ಬಂದರೆ ಜೋರಾಗಿ ಕೆಮ್ಮಿ’ ಎಂಬ ಹಳೆಯ ಫಾರ್ವರ್ಡ್. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆಂದು ಜನ ಬೆಳಗಿನಿಂದಲೇ ಸಾಲು ನಿಂತರು.

ಆ ದಿನಗಳಲ್ಲಿ ಶಾಲೆಗಳೂ ನಡೆಯುತ್ತಿದ್ದವು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ – ಈ ನಾಲ್ಕರಲ್ಲಿ ಯಾವುದೇ ತಾಲ್ಲೂಕಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಆರನೇ ತರಗತಿಯನ್ನು ಊಹಿಸಿಕೊಳ್ಳಿ. ‘ಮಿಸ್, ನಮ್ಮಪ್ಪಂಗೂ ಹಾರ್ಟ್ ಅಟ್ಯಾಕ್ ಆಗುತ್ತಾ?’ ಎಂದು ಮಗುವೊಂದು ಕೇಳುತ್ತದೆ. ಮಿಸ್ ಏನು ಹೇಳಬೇಕು? ಅವರ ಫೋನಿಗೂ ಅವೇ ಫಾರ್ವರ್ಡ್‌ಗಳು ಬಂದಿವೆ. ಅವರು ಏನು ಹೇಳಿದರೂ ಅದು ಸಂಜೆಗೆ ಮೂವತ್ತು ಮನೆ ತಲುಪುತ್ತದೆ, ‘ನಮ್ಮ ಮಿಸ್ಸೇ ಹೇಳಿದ್ರು’ ಎಂಬ ಮುದ್ರೆಯೊಂದಿಗೆ. ಯಾವ ವಾಟ್ಸಾಪ್ ಗುಂಪಿಗೂ ಅಷ್ಟು ನಂಬಿಕೆ ಸಿಗುವುದಿಲ್ಲ.

ಈ ಪ್ರಶ್ನೆಗೆ ಉತ್ತರಿಸಲು ನಮ್ಮ ಪ್ರಾಥಮಿಕ ಶಾಲಾ ಶಿಕ್ಷಕರನ್ನು ಯಾರಾದರೂ ಸಿದ್ಧಪಡಿಸಿದ್ದಾರೆಯೇ ಎಂದು ನೋಡೋಣ. ಅದಕ್ಕೂ ಮೊದಲು, ಹಾಸನದಲ್ಲಿ ತಜ್ಞರಿಗೆ ಕಂಡದ್ದೇನು ಎಂಬುದು ಗೊತ್ತಿರಬೇಕು.

ಸರ್ಕಾರ ಜಯದೇವ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತು. ವರದಿ ಜುಲೈನಲ್ಲಿ ಬಂತು. ಲೆಕ್ಕಕ್ಕೆ ತೆಗೆದುಕೊಂಡ 24 ಸಾವುಗಳಲ್ಲಿ 4ಕ್ಕೆ ಹೃದಯವೇ ಕಾರಣವಾಗಿರಲಿಲ್ಲ. ರಸ್ತೆ ಅಪಘಾತದ ಸಾವೂ ಆ ಪಟ್ಟಿಯಲ್ಲಿ ಸೇರಿಹೋಗಿತ್ತು. ಉಳಿದ 20ರಲ್ಲಿ ಹೃದಯಾಘಾತ ಎಂದು ಖಚಿತವಾದದ್ದು 10. ಇನ್ನು 10 ಹೃದಯಕ್ಕೆ ಸಂಬಂಧಿಸಿದ್ದಿರಬಹುದು ಎಂಬ ಅಂದಾಜು. ಹಾಸನದಲ್ಲಿ ಹೃದಯಾಘಾತ ದಿಢೀರನೆ ಏರಿದೆ ಎನ್ನಲು ಆಧಾರ ಸಿಗಲಿಲ್ಲ. ಲಸಿಕೆಗೂ ಹಠಾತ್ ಸಾವಿಗೂ ನಂಟಿಲ್ಲ ಎಂದು ಐಸಿಎಂಆರ್ ಮತ್ತು ದೆಹಲಿ ಏಮ್ಸ್ ಅಧ್ಯಯನಗಳು ಹೇಳಿದವು. ಹಾಗೆಂದು ಚಿಂತೆಯೇ ಬೇಡ ಎಂದಲ್ಲ. ಸತ್ತವರಲ್ಲಿ 45 ದಾಟದವರು ಹಲವರಿದ್ದರು. ತಂಬಾಕು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಎಂಬ ಹಳೆಯ ಕಾರಣಗಳೇ ಮತ್ತೆ ಕಂಡವು. ಶಾಲಾ ಮಕ್ಕಳ ತಪಾಸಣೆ, ಪಠ್ಯದಲ್ಲಿ ಹೃದಯದ ಆರೋಗ್ಯ ಎಂಬ ಮಾತುಗಳೂ ಆಗಲೇ ಕೇಳಿಬಂದವು.

ಪಠ್ಯಕ್ಕೆ ಒಂದು ಪಾಠ ಸೇರಿಸುವುದು ಸುಲಭ. ಅದನ್ನು ತರಗತಿಯಲ್ಲಿ ಹೇಳುವವರ ವಿಷಯಕ್ಕೆ ಬಂದಾಗ ಮಾತು ಮೆಲ್ಲಗಾಗುತ್ತದೆ.

ಯೋಜನೆಗೆ ಕೊರತೆಯಿಲ್ಲ

ಶಾಲೆಯಲ್ಲಿ ಆರೋಗ್ಯ ಶಿಕ್ಷಣ ಬೇಕು ಎಂಬುದು ಹೊಸ ಮಾತಲ್ಲ. 1946ರ ಭೋರ್ ಸಮಿತಿ ಶಾಲಾ ಆರೋಗ್ಯ ಸೇವೆಯ ಬಗ್ಗೆ ಬರೆದಿತ್ತು. 1960ರಲ್ಲಿ ರೇಣುಕಾ ರೇ ಅಧ್ಯಕ್ಷತೆಯಲ್ಲಿ ಇದಕ್ಕೆಂದೇ ಸಮಿತಿ ಆಯಿತು. ಇಂದು ಡಿ.ಎಲ್.ಎಡ್. ಓದುವವರಿಗೆ ಎನ್‌ಸಿಟಿಇ ಮಾದರಿ ಪಠ್ಯಕ್ರಮದಲ್ಲಿ ಮಕ್ಕಳ ದೈಹಿಕ ಮತ್ತು ಮಾನಸಿಕ ಆರೋಗ್ಯಕ್ಕೆಂದೇ ಒಂದು ವಿಷಯವಿದೆ. 2020ರ ಫೆಬ್ರವರಿಯಲ್ಲಿ ಆಯುಷ್ಮಾನ್ ಭಾರತ್ ಅಡಿಯಲ್ಲಿ ಶಾಲಾ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ಪ್ರತಿ ಶಾಲೆಯಿಂದ ಇಬ್ಬರು ಶಿಕ್ಷಕರು, ಸಾಧ್ಯವಾದರೆ ಒಬ್ಬ ಮೇಷ್ಟ್ರು ಮತ್ತು ಒಬ್ಬ ಮಿಸ್, ‘ಆರೋಗ್ಯ ರಾಯಭಾರಿ’ಗಳಾಗಿ ವಾರಕ್ಕೊಂದು ಗಂಟೆ 11 ವಿಷಯಗಳ ಮೇಲೆ ಚಟುವಟಿಕೆ ನಡೆಸಬೇಕು. ಪೋಷಣೆ, ಭಾವನೆಗಳು, ವ್ಯಸನ ತಡೆ ಎಲ್ಲವೂ ಇವೆ. ಪಟ್ಟಿಯಲ್ಲಿ ಒಂದು, ಮೊಬೈಲ್ ಮತ್ತು ಇಂಟರ್ನೆಟ್ಟನ್ನು ಸುರಕ್ಷಿತವಾಗಿ ಬಳಸುವುದು.

ಅಡಚಣೆ ಇರುವುದು ಇದು ಶಾಲೆಗೆ ಇಳಿಯುವ ದಾರಿಯಲ್ಲಿ. ರಾಜ್ಯ ಮಟ್ಟದಲ್ಲಿ ಕೆಲವರಿಗೆ ತರಬೇತಿ, ಅವರಿಂದ ಹಾಸನದ ಡಯಟ್‌ನಂಥ ಜಿಲ್ಲಾ ಸಂಸ್ಥೆಯಲ್ಲಿ ಇನ್ನಷ್ಟು ಜನರಿಗೆ, ಅಲ್ಲಿಂದ ತಾಲ್ಲೂಕಿನ ಬಿಆರ್‌ಸಿಗೆ, ಅಲ್ಲಿಂದ ಶಾಲೆಗೆ. ಮಕ್ಕಳು ಸಾಲಾಗಿ ಕೂತು ಕಿವಿಯಿಂದ ಕಿವಿಗೆ ಮಾತು ದಾಟಿಸುವ ಆಟದಂತೆ, ಐದು ದಿನದ ವಿಷಯ ಕೊನೆಗೆ ಒಂದು ಮಧ್ಯಾಹ್ನದ ಪಿಪಿಟಿ ಆಗುತ್ತದೆ. ಪಿಪಿಟಿಯಲ್ಲಿ ಮಾಹಿತಿ ಉಳಿದಿರುತ್ತದೆ, ಅಭ್ಯಾಸ ಬಿಟ್ಟುಹೋಗಿರುತ್ತದೆ. ಗಣಿತದ ತರಬೇತಿಯಲ್ಲಿ ಮೇಷ್ಟ್ರೇ ಲೆಕ್ಕ ಮಾಡಿ ತೋರಿಸುತ್ತಾರೆ. ಆರೋಗ್ಯದ ತರಬೇತಿಯಲ್ಲಿ ಮಾತ್ರ ಕೇಳಿಸಿಕೊಂಡು, ಸಹಿ ಹಾಕಿ, ಫೋಟೋಗೆ ನಿಂತು ಬರುತ್ತಾರೆ. (ಫೋಟೋ ಗ್ರೂಪಿಗೆ ಬಿದ್ದರೆ ತರಬೇತಿ ಆದಂತೆ.)

ಸೋಮವಾರದ ಮಾತ್ರೆ

ಆದರೆ ಈ ಶಿಕ್ಷಕರು ಆರೋಗ್ಯದ ಕೆಲಸವನ್ನು ಈಗಾಗಲೇ ಮಾಡುತ್ತಿದ್ದಾರೆ. ವಾರಕ್ಕೊಮ್ಮೆ, ಸಾಮಾನ್ಯವಾಗಿ ಸೋಮವಾರ, ಕಬ್ಬಿಣಾಂಶದ ಮಾತ್ರೆ ಕೊಡುವವರು ಅವರೇ: ಸಣ್ಣ ಮಕ್ಕಳಿಗೆ ಗುಲಾಬಿ ಬಣ್ಣದ್ದು, ಹತ್ತು ದಾಟಿದವರಿಗೆ ನೀಲಿ. ಫೆಬ್ರವರಿ 10 ಮತ್ತು ಆಗಸ್ಟ್ 10ರ ಜಂತುಹುಳು ನಿವಾರಣಾ ದಿನದ ಆಲ್ಬೆಂಡಜೋಲ್ ಮಾತ್ರೆಯೂ ಅವರ ಕೈಯಿಂದಲೇ. 2016–18ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 5ರಿಂದ 9 ವರ್ಷದ ಮಕ್ಕಳಲ್ಲಿ ಸುಮಾರು 24%, 10ರಿಂದ 19ರವರಲ್ಲಿ ಸುಮಾರು 28% ಮಂದಿಗೆ ರಕ್ತಹೀನತೆ ಇತ್ತು. ಹಾಗಾಗಿ ಇದು ಚಿಲ್ಲರೆ ಕೆಲಸವೇನಲ್ಲ.

ಈ ಮಾತ್ರೆಯ ಸುತ್ತ ಮನೆಯಲ್ಲಿ ಹೆದರಿಕೆ ಹುಟ್ಟುವುದು ಹೇಗೆ ನೋಡಿ. ಕಬ್ಬಿಣದ ಮಾತ್ರೆ ತಿಂದ ಮಗುವಿನ ಮಲ ಕಪ್ಪಾಗುತ್ತದೆ. ಹೀರಿಕೊಳ್ಳದೆ ಉಳಿದ ಕಬ್ಬಿಣ ಹೊರಬರುವ ಬಣ್ಣ ಅದು, ಅಪಾಯವಿಲ್ಲ. ಆದರೆ ಇದನ್ನು ಮೊದಲೇ ಹೇಳಿರದಿದ್ದರೆ ಅಜ್ಜಿ ಗಾಬರಿಯಾಗಿ ಮುಂದಿನ ವಾರ ‘ಮಾತ್ರೆ ಇಸ್ಕೋಬೇಡ ಮಗ’ ಎನ್ನುತ್ತಾರೆ. ಜಂತುಹುಳು ಮಾತ್ರೆ ತಿಂದಾಗ ಹೊಟ್ಟೆಯಲ್ಲಿ ಹುಳು ಹೆಚ್ಚಿರುವ ಮಕ್ಕಳಿಗೆ ಸ್ವಲ್ಪ ವಾಕರಿಕೆ, ಹೊಟ್ಟೆನೋವು ಬರಬಹುದು. ಒಬ್ಬ ವಾಂತಿ ಮಾಡಿಕೊಂಡರೆ ಸಾಕು, ‘ಶಾಲೆಯಲ್ಲಿ ಮಾತ್ರೆ ತಿಂದು ಮಕ್ಕಳು ಅಸ್ವಸ್ಥ’ ಎಂಬ ವಿಡಿಯೋ ಮಧ್ಯಾಹ್ನಕ್ಕೆ ಹೊಳೆನರಸೀಪುರದಿಂದ ಚನ್ನರಾಯಪಟ್ಟಣ ಮುಟ್ಟಿರುತ್ತದೆ.

ತರಬೇತಿ ಆಗಬೇಕಾದ್ದು ಇಂಥ ಕಡೆ. ಮಾತ್ರೆಯನ್ನು ಊಟವಾದ ಮೇಲೆ ಕೊಡಿ, ಖಾಲಿ ಹೊಟ್ಟೆಗಲ್ಲ. ಹಾಲಿನ ಜೊತೆ ಬೇಡ, ಹಾಲು ಮತ್ತು ಟೀ ಕಬ್ಬಿಣ ದೇಹಕ್ಕೆ ಸೇರುವುದನ್ನು ತಡೆಯುತ್ತವೆ. ಶಾಲೆಯಲ್ಲಿ ಬೆಳಿಗ್ಗೆ ಕ್ಷೀರಭಾಗ್ಯದ ಹಾಲು ಇರುವುದರಿಂದ ಬಿಸಿಯೂಟದ ನಂತರವೇ ಸರಿ. ಮನೆಯಲ್ಲಿ ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿದರೆ ಅದರ ಕಬ್ಬಿಣ ಹೆಚ್ಚು ಸೇರುತ್ತದೆ. ಆಲ್ಬೆಂಡಜೋಲನ್ನು ಅಗಿದು ನುಂಗಿಸಬೇಕು, ಆ ದಿನ ಜ್ವರವಿರುವ ಮಗುವಿಗೆ ಕೊಡಬಾರದು. ಇಷ್ಟು ತಿಳಿದ ಶಿಕ್ಷಕಿ ಹಿಂದಿನ ದಿನವೇ ಮಕ್ಕಳ ಮೂಲಕ ಮನೆಗೆ ಮಾತು ಕಳಿಸಿದರೆ ಮರುದಿನದ ಫಾರ್ವರ್ಡ್‌ಗೆ ಅರ್ಧ ಬಲ ಹೋಗುತ್ತದೆ.

ಅರಕಲಗೂಡಿನ ಹೊಗೆಸೊಪ್ಪು

ಅರಕಲಗೂಡಿನ ವಿಷಯ ಸ್ವಲ್ಪ ಬೇರೆ. ಈ ತಾಲ್ಲೂಕಿನಲ್ಲಿ ಸಿಗರೇಟಿಗೆ ಹೋಗುವ ತಂಬಾಕು ಬೆಳೆಯುತ್ತಾರೆ, ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯೇ ಇದೆ. ಇಂಥ ಊರಿನ ತರಗತಿಯಲ್ಲಿ ‘ತಂಬಾಕು ಕೊಲ್ಲುತ್ತದೆ’ ಎಂದು ಹಲಗೆಯ ಮೇಲೆ ಬರೆದು ಮುಗಿಸಿದರೆ ಮಗುವಿಗೆ ಕೇಳಿಸುವುದು ‘ನಿಮ್ಮಪ್ಪ ತಪ್ಪು ಕೆಲಸ ಮಾಡುತ್ತಾರೆ’ ಎಂದು. ಪಾಠ ಅಲ್ಲಿಗೇ ನಿಲ್ಲುತ್ತದೆ.

ಆ ಮಗುವಿಗೆ ಬೇಕಾದ ಆರೋಗ್ಯ ಪಾಠ ಬೇರೆಯದು. ಇಬ್ಬನಿ ಅಥವಾ ಮಳೆಗೆ ನೆನೆದ ಹಸಿ ಎಲೆ ಮುರಿಯುವಾಗ ನಿಕೋಟಿನ್ ನೀರಿನಲ್ಲಿ ಕರಗಿ ಚರ್ಮದ ಮೂಲಕ ಮೈಗೆ ಇಳಿಯುತ್ತದೆ. ತಲೆಸುತ್ತು, ತಲೆನೋವು, ವಾಂತಿ ಬರುತ್ತದೆ. ಬೀಡಿ ಮುಟ್ಟದವರಿಗೂ ಬರುತ್ತದೆ, ಮಕ್ಕಳಿಗೆ ಬೇಗ ಬರುತ್ತದೆ. ಮನೆಯಲ್ಲಿ ಇದನ್ನು ಪಿತ್ತ ಎಂದೋ ದೃಷ್ಟಿ ತಾಗಿದೆ ಎಂದೋ ಅಂದುಕೊಳ್ಳುವ ಸಾಧ್ಯತೆ ಹೆಚ್ಚು. ನೆನೆದ ಎಲೆ ಮುಟ್ಟದಿರುವುದು, ತುಂಬುತೋಳಿನ ಅಂಗಿ, ಕೈಗವಸು, ಕೆಲಸ ಮುಗಿದ ಕೂಡಲೇ ಸೋಪು ಹಾಕಿ ತೊಳೆಯುವುದು, ಮಕ್ಕಳನ್ನು ಆ ಕೆಲಸದಿಂದ ದೂರ ಇಡುವುದು – ಇವನ್ನು ಬೆಳೆಗಾರರ ಮನೆಯವರೂ ಸಿಟ್ಟಾಗದೆ ಕೇಳುತ್ತಾರೆ. ರಾಜ್ಯಕ್ಕೆಲ್ಲ ಒಂದೇ ಪಿಪಿಟಿ ಮಾಡುವವರಿಗೆ ಇದು ಹೊಳೆಯುವುದು ಕಷ್ಟ. ಹಾಸನದ ಡಯಟ್‌ಗೆ, ಅರಕಲಗೂಡಿನ ಬಿಆರ್‌ಸಿಗೆ ಹೊಳೆಯಬೇಕು. ತಾಲ್ಲೂಕಿಗೆ ತಕ್ಕ ಪಾಠ ಮಾಡುವ ಸ್ವಾತಂತ್ರ್ಯವನ್ನು ಶಿಕ್ಷಕರಿಗೆ ಕೊಡದೆ ಆರೋಗ್ಯ ಶಿಕ್ಷಣ ನಡೆಯದು ಎಂಬುದು ನಮ್ಮ ಅಭಿಪ್ರಾಯ.

ಕೆಮ್ಮಿದರೆ ಉಳಿಯುತ್ತದೆಯೇ?

ಇಲ್ಲ. ಹೃದಯಾಘಾತ ಎಂದರೆ ಹೃದಯಕ್ಕೆ ರಕ್ತ ಒಯ್ಯುವ ನಾಳ ಕಟ್ಟಿಕೊಳ್ಳುವುದು. ಕೆಮ್ಮಿದರೆ ಕಟ್ಟಿದ್ದು ಬಿಡುವುದಿಲ್ಲ. ಹೃದಯ ಸ್ತಂಭನವಾದರೆ ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ, ಕೆಮ್ಮಲು ಆಗುವುದೇ ಇಲ್ಲ. ಆಸ್ಪತ್ರೆಯಲ್ಲಿ ಇಸಿಜಿ ಪರದೆ ನೋಡುತ್ತ ಹೃದಯತಜ್ಞರು ರೋಗಿಗೆ ಕೆಮ್ಮಲು ಹೇಳುವ ಅಪರೂಪದ ಸಂದರ್ಭದಿಂದ ಈ ಫಾರ್ವರ್ಡ್ ಹುಟ್ಟಿದೆ. ಮನೆಯಲ್ಲಿ ಮಾಡಬೇಕಾದ್ದು 108ಕ್ಕೆ ಕರೆ. ಬಿದ್ದವರಿಗೆ ಪ್ರಜ್ಞೆ ಇಲ್ಲ, ಸರಿಯಾಗಿ ಉಸಿರಾಡುತ್ತಿಲ್ಲ ಎಂದಾದರೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುವುದು.

ಇದನ್ನು ಮಕ್ಕಳಿಗೆ ಕಲಿಸಬಹುದೇ? 12 ವರ್ಷದಿಂದ, ವರ್ಷಕ್ಕೆ 2 ಗಂಟೆಯಂತೆ ಶಾಲೆಯಲ್ಲೇ ಕಲಿಸಿ ಎಂಬ ಪ್ರಸ್ತಾವಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಬೆಂಬಲ ಕೊಟ್ಟಿದೆ. ನಮ್ಮ ಲೆಕ್ಕದಲ್ಲಿ ಅದು ಏಳನೇ ತರಗತಿ. ಕಲಿಸುವವರು ವೈದ್ಯರೇ ಆಗಬೇಕಿಲ್ಲ, ಚೆನ್ನಾಗಿ ಅಭ್ಯಾಸ ಮಾಡಿದ ಶಿಕ್ಷಕರು ಸಾಕು. ಆದರೆ ವಿಡಿಯೋ ನೋಡಿ ಬಂದ ಶಿಕ್ಷಕರಿಂದ ಆಗದು. ಬೊಂಬೆಯ ಮೇಲೆ ಅವರೇ ಬೆವರಿಳಿಯುವಂತೆ ಒತ್ತಿ ಕಲಿತಿರಬೇಕು. ಹಾಸನದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಉಳಿದ ಮೂರು ಊರುಗಳಲ್ಲೂ ತಾಲ್ಲೂಕು ಆಸ್ಪತ್ರೆಗಳಿವೆ. ಬೊಂಬೆಗಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ.

ತರಬೇತಿಯ ಉಳಿದರ್ಧ ದಿನ ಪ್ರಶ್ನೋತ್ತರಕ್ಕೆ ಇರಲಿ. ಒಬ್ಬ ಶಿಕ್ಷಕ ಮಗುವಾಗಿ ತನ್ನ ಫೋನಿಗೆ ಬಂದ ಫಾರ್ವರ್ಡ್ ಓದಲಿ, ಇನ್ನೊಬ್ಬರು ಉತ್ತರಿಸಲಿ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಪಕ್ಕದಲ್ಲಿ ಕೂತು ತಿದ್ದಲಿ. ‘ಈಗ ಗೊತ್ತಿಲ್ಲ, ಡಾಕ್ಟರನ್ನ ಕೇಳಿ ನಾಳೆ ಹೇಳ್ತೀನಿ’ ಎನ್ನುವುದನ್ನೂ ಅಲ್ಲೇ ಅಭ್ಯಾಸ ಮಾಡಬೇಕು. ಎಲ್ಲ ಗೊತ್ತಿರಬೇಕು ಎಂದು ನಿರೀಕ್ಷಿಸುವ ತರಗತಿಯ ಮುಂದೆ ಆ ಮಾತು ಸಲೀಸಾಗಿ ಬಾಯಿಗೆ ಬರುವುದಿಲ್ಲ.

ನಿಮ್ಮ ಮಗು ಈ ತಾಲ್ಲೂಕುಗಳ ಸರ್ಕಾರಿ ಶಾಲೆಯಲ್ಲಿದ್ದರೆ ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಎರಡು ವಿಷಯ ಕೇಳಬಹುದು: ನಮ್ಮ ಶಾಲೆಯ ಆರೋಗ್ಯ ರಾಯಭಾರಿಗಳು ಯಾರು, ಮತ್ತು ಮುಂದಿನ ಜಂತುಹುಳು ಮಾತ್ರೆಯ ದಿನಕ್ಕೆ ಮುಂಚೆ ಅವರು ಆಶಾ ಕಾರ್ಯಕರ್ತೆಯ ಜೊತೆ ಪೋಷಕರನ್ನು ಕೂರಿಸಿ ಮಾತಾಡುವುದು ಯಾವತ್ತು.