ಬಿಸಿಲೆ ಬೆಟ್ಟ ಪೆಟ್ಟಿಗೆಯೊಳಗೆ!

ಬಿಸಿಲೆ ವ್ಯೂ ಪಾಯಿಂಟಿನಲ್ಲಿ ನಿಂತು ಎದುರಿನ ಪುಷ್ಪಗಿರಿ ಸಾಲು ನೋಡಿದ ಯಾವ ಛಾಯಾಗ್ರಾಹಕನಿಗೆ ತಾನೇ ಕ್ಯಾಮೆರಾ ಇಡೋಣ ಅನ್ನಿಸದು? ಇಡೋದು ಅಷ್ಟು ಸುಲಭವಲ್ಲ ಸ್ವಾಮಿ. 2025ರ ಜನವರಿ ನೆನಪಿದೆಯಲ್ಲ? ಇದೇ ಸಕಲೇಶಪುರ ತಾಲ್ಲೂಕಿನ ಗವಿಗುಡ್ಡದಲ್ಲಿ ‘ಕಾಂತಾರ ಅಧ್ಯಾಯ 1’ರ ಚಿತ್ರೀಕರಣದಿಂದ ಕಾಡಿಗೆ ಪೆಟ್ಟಾಗ್ತಿದೆ ಅಂತ ಊರವರು ದೂರಿದರು, ಅರಣ್ಯ ಸಚಿವರು ತನಿಖೆಗೆ ಅಪ್ಪಣೆ ಕೊಟ್ಟರು.

ಹಾಗಾದರೆ ಬೆಟ್ಟವನ್ನೇ ಕಂಪ್ಯೂಟರಿನಲ್ಲಿ ಎಬ್ಬಿಸಿದರೆ? ಧಾರಾಳವಾಗಿ! 1982ರ ‘ಸ್ಟಾರ್ ಟ್ರೆಕ್’ ಎರಡನೇ ಚಿತ್ರದಲ್ಲೇ ಲೆಕ್ಕದಿಂದ ಹುಟ್ಟಿದ ಬೆಟ್ಟಗಳಿದ್ದವು. ಲೋರೆನ್ ಕಾರ್ಪೆಂಟರ್ ಹೂಡಿದ ಉಪಾಯ ಇಷ್ಟೇ: ತ್ರಿಕೋನವನ್ನು ಒಡೆ, ಬದಿಗಳ ನಡುಬಿಂದುವನ್ನು ಕೊಂಚ ಮೇಲೆ ಕೆಳಗೆ ಅಲುಗಿಸು, ಮತ್ತೆ ಒಡೆ... ಒಡೀತಾ ಹೋದರೆ ಗುಡ್ಡ! ಈಗಿನ ಟೆರಾಜೆನ್‌ನಂಥ ಸಾಫ್ಟ್‌ವೇರು ನಿಜವಾದ ನೆಲದ ಅಳತೆಯನ್ನೂ ನುಂಗುತ್ತೆ. 2000ದ ಫೆಬ್ರವರಿಯಲ್ಲಿ ಎಂಡೆವರ್ ನೌಕೆ ರೇಡಾರಿನಿಂದ ಅಳೆದ ಭೂಮಿಯಲ್ಲಿ ನಮ್ಮ ಬಿಸಿಲೆಯೂ ಉಂಟು. ಲೆಕ್ಕ ಪುಕ್ಕಟೆ!

ಆದರೆ ಅದು ಸುಮಾರು 30 ಮೀಟರಿಗೊಂದು ಚುಕ್ಕಿ. ನಡುವಿನ ಹಳ್ಳ, ಬಂಡೆ ಮಾಯ. ದಟ್ಟ ಕಾಡಿದ್ದಲ್ಲಿ ರೇಡಾರು ನೆಲದವರೆಗೆ ಇಳಿಯೋದೂ ಇಲ್ಲ. ಅದನ್ನೆಲ್ಲ ತುಂಬಬೇಕಾದವನು ಕಲಾವಿದ. ಯಾವುದೋ ದೇಶದ ಪೈನ್ ಮರ ತಂದು ನೆಟ್ಟರೆ ಹಾಸನದ ಗಾಂಧಿ ಕ್ಲಾಸಿನವನು ಶಿಳ್ಳೆ ಹಾಕ್ತಾನೆ, ಮೆಚ್ಚಿ ಅಲ್ಲ.

ಆದ್ದರಿಂದ ನಿರ್ಮಾಪಕರೇ, ದೂರದ ದೃಶ್ಯ ಪೆಟ್ಟಿಗೆಯಲ್ಲೇ ಆಗಲಿ. ಅನುಮತಿ ಪಡೆದು ನಾಲ್ಕೇ ಜನ ಬನ್ನಿ. ತೊಗಟೆ, ಎಲೆ, ಪಾಚಿಯ ಫೋಟೋ ತಗೊಂಡು ಹೋಗಿ. ಜನರೇಟರ್ ವ್ಯಾನು ಬೆಂಗಳೂರಲ್ಲೇ ಇರಲಿ. ಯೂನಿಟ್ಟಿಗೆ ಊಟ ಹಾಕುವ ಸಕಲೇಶಪುರದ ಹೋಟೆಲಿನವರು ನನ್ನನ್ನು ಬೈದರೆ ಬೈಯಲಿ!