ಒಬ್ಬನ ಪ್ರಾಣ, ಹಲವರ ಧೈರ್ಯ
ಏಕಾಕಿಯಾಗಿ ಪ್ರಕೃತಿಯನ್ನೂ ಶತ್ರುವನ್ನೂ ಗೆದ್ದ ವೀರನೆಂದು ನಾರ್ವೆಯ ಯಾನ್ ಬಾಲ್ಸ್‌ರುಡ್‌ನನ್ನು ಲೋಕವು ಕೊಂಡಾಡುವುದುಂಟು; ಆದರೆ ಆತನ ವೃತ್ತಾಂತವನ್ನು ಸಾವಧಾನವಾಗಿ ಪರಿಶೀಲಿಸಿದವರಿಗೆ ಆ ಪ್ರಶಂಸೆ ಅರ್ಧಸತ್ಯವೆಂದು ತೋರದಿರದು. 1943ರ ಮಾರ್ಚ್ ತಿಂಗಳಲ್ಲಿ, ಜರ್ಮನರ ವಶದಲ್ಲಿದ್ದ ಉತ್ತರ ನಾರ್ವೆಯ ಕರಾವಳಿಗೆ ಅವರ ವಿರುದ್ಧ ಕಾರ್ಯಾಚರಣೆಗೆಂದು ಮೀನುದೋಣಿಯೊಂದರಲ್ಲಿ ಗುಪ್ತವಾಗಿ ಬಂದಿದ್ದ 12 ಮಂದಿಯ ಪೈಕಿ ವೈರಿಯ ಕೈಯಿಂದ ತಪ್ಪಿಸಿಕೊಂಡವನು ಇವನೊಬ್ಬನೇ. ಗುಂಡಿನೇಟಿನಿಂದ ಕಾಲ್ಬೆರಳು ಗಾಯಗೊಂಡು, ಒಂದು ಪಾದರಕ್ಷೆಯೂ ಕಳೆದುಹೋಗಿ, ಮಂಜಿನಂಥ ಕಡಲನ್ನು ಈಜಿ ಪಾರಾದ ಆತನು, ಲಿಂಗೆನ್ ಪರ್ವತಗಳಲ್ಲಿ ಹಿಮಮಾರುತಕ್ಕೆ ಸಿಲುಕಿ, ಕುಸಿದ ಹಿಮರಾಶಿಯೊಡನೆ ಉರುಳಿ, ಹಿಮದ ಪ್ರಖರ ಪ್ರತಿಫಲನದಿಂದ ಕಣ್ಣು ಕಾಣದೆ, ದಿನಗಟ್ಟಲೆ ದಿಕ್ಕೆಟ್ಟು ಅಲೆದು, ಕಡೆಗೆ ಫುರುಫ್ಲಾಟೆನ್ ಎಂಬ ಗ್ರಾಮದ ಮನೆಯೊಂದನ್ನು ಹೊಕ್ಕನು. ಇಲ್ಲಿಯವರೆಗಿನ ಕೀರ್ತಿ ಆತನ ದೇಹಬಲಕ್ಕೂ ಮನೋಬಲಕ್ಕೂ ಸಲ್ಲತಕ್ಕದ್ದೇ ಸರಿ. ಆದರೆ ಸಿಕ್ಕಿಬಿದ್ದರೆ ಕುಟುಂಬವೇ ನಾಶವಾದೀತೆಂಬುದನ್ನು ಬಲ್ಲ ಬೆಸ್ತರೂ ಒಕ್ಕಲಿಗರೂ ಅವನನ್ನು ಅಡಗಿಸಿ, ಉಣಿಸಿ, ಕಾವಲಿನ ಕಣ್ತಪ್ಪಿಸಿ ಕಡಲಕೊಲ್ಲಿಯನ್ನು ದಾಟಿಸಿ, ನಡೆಯಲಾರದ ಆತನನ್ನು ಹಿಮಬಂಡಿಗೆ ಕಟ್ಟಿ ಕಡಿದಾದ ಬೆಟ್ಟದ ಮೇಲಕ್ಕೆ ಎಳೆದೊಯ್ದರು. ಅಲ್ಲಿ ದಿನಗಳ ಮೇಲೆ ದಿನ ಹಿಮದ ಮರೆಯಲ್ಲಿ ಮಲಗಿದ್ದು, ಕೊಳೆಯುತ್ತಿದ್ದ ಕಾಲ್ಬೆರಳುಗಳನ್ನು ತಾನೇ ಚಾಕುವಿನಿಂದ ಕತ್ತರಿಸಿಕೊಂಡ ಆತನು, ಆ ಉತ್ತರ ಪ್ರದೇಶದ ಮೂಲನಿವಾಸಿಗಳಾದ ಸಾಮಿ ಜನರ ಹಿಮಸಾರಂಗಗಳ ನೆರವಿನಿಂದ ಸ್ವೀಡನ್ನಿನ ಗಡಿಯನ್ನು ಸೇರಿದನು. ಬೇಟೆಗೊಳಗಾದವನಿಗೆ ಓಡದೆ ಗತ್ಯಂತರವಿರಲಿಲ್ಲ. ಬಾಗಿಲನ್ನು ಮುಚ್ಚಿಕೊಂಡು ಸುಖವಾಗಿರಬಹುದಾಗಿದ್ದ ಆ ಗ್ರಾಮಸ್ಥರಿಗಾದರೋ ಆಯ್ಕೆಯಿತ್ತು. ಆದಕಾರಣ ಈ ಚರಿತ್ರೆಯಲ್ಲಿ ಅಧಿಕತರವಾದ ಗೌರವವು ಅವರಿಗೇ ಸಲ್ಲಬೇಕೆಂಬುದು ನನ್ನ ಮತ.