ದುರ್ಬಲಗೊಂಡ ಚಂಡಮಾರುತ, ನೆಲಕಚ್ಚಿದ ರಾಗಿ

ಬಂಗಾಳ ಕೊಲ್ಲಿಯ ಚಂಡಮಾರುತವು ಕರಾವಳಿಯನ್ನು ದಾಟಿ ‘ದುರ್ಬಲಗೊಂಡಿದೆ’ ಎಂಬ ಪ್ರಕಟಣೆ ಹೊರಬಿದ್ದೊಡನೆ ಎಲ್ಲರೂ ನಿಟ್ಟುಸಿರು ಬಿಡುವುದು ವಾಡಿಕೆ. ಆದರೆ ಚೆನ್ನೈಯಿಂದ ಪಶ್ಚಿಮಕ್ಕೆ ಇನ್ನೂರು ಕಿಲೋಮೀಟರ್‌ಗಳಿಗಿಂತ ತುಸು ಹೆಚ್ಚು ದೂರದಲ್ಲಿರುವ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ರೈತನಿಗೆ ಆತಂಕ ಆರಂಭವಾಗುವುದೇ ಆಗ.

ಇದಕ್ಕೆ ಕಾರಣ ಚಂಡಮಾರುತದ ಸ್ವರೂಪದಲ್ಲೇ ಇದೆ. ಸಮುದ್ರದ ಮೇಲ್ಮೈ ಉಷ್ಣತೆ ಸುಮಾರು 26.5 ಡಿಗ್ರಿ ಸೆಲ್ಸಿಯಸ್ ಮೀರಿದಾಗ ಮೇಲೇಳುವ ನೀರಾವಿಯು ಮೋಡವಾಗಿ ಘನೀಭವಿಸುತ್ತಾ ಶಾಖವನ್ನು ಹೊರಬಿಡುತ್ತದೆ. ಆ ಶಾಖದಿಂದ ಕೇಂದ್ರದ ವಾಯುಭಾರ ಕುಸಿಯುತ್ತದೆ; ಕುಸಿದಷ್ಟೂ ಸುತ್ತಲಿನ ಗಾಳಿ ರಭಸದಿಂದ ನುಗ್ಗುತ್ತದೆ. ಸಮುದ್ರಮಟ್ಟದ ಸರಾಸರಿ ವಾಯುಭಾರ 1013 ಹೆಕ್ಟೊಪ್ಯಾಸ್ಕಲ್. 1999ರ ಅಕ್ಟೋಬರ್‌ನಲ್ಲಿ ಒಡಿಶಾವನ್ನು ಧ್ವಂಸಗೊಳಿಸಿದ ಸೂಪರ್ ಸೈಕ್ಲೋನ್‌ನ ಕೇಂದ್ರದಲ್ಲಿ ಅದು 912ಕ್ಕೆ ಇಳಿದಿತ್ತು. ಗಾಳಿಯ ವೇಗ ಗಂಟೆಗೆ ಸುಮಾರು 260 ಕಿ.ಮೀ. ಮುಟ್ಟಿತ್ತು. ನೆಲವನ್ನು ಪ್ರವೇಶಿಸಿದ ಮೇಲೆ ನೀರಾವಿಯ ಪೂರೈಕೆ ಕಡಿದುಹೋಗುತ್ತದೆ, ನೆಲದ ಘರ್ಷಣೆ ಗಾಳಿಯನ್ನು ತಡೆಯುತ್ತದೆ, ಕೇಂದ್ರದ ವಾಯುಭಾರ ಮತ್ತೆ ಏರುತ್ತದೆ.

ಭಾರತೀಯ ಹವಾಮಾನ ಇಲಾಖೆಯ ವರ್ಗೀಕರಣ ನಿಂತಿರುವುದು ಗಾಳಿಯ ವೇಗದ ಮೇಲೆ. ಗಂಟೆಗೆ 31ರಿಂದ 50 ಕಿ.ಮೀ. ವೇಗವಿದ್ದರೆ ವಾಯುಭಾರ ಕುಸಿತ, 62 ಕಿ.ಮೀ. ಮುಟ್ಟಿದರೆ ಚಂಡಮಾರುತ, 118 ಕಿ.ಮೀ. ಮುಟ್ಟಿದರೆ ಅತಿ ತೀವ್ರ ಚಂಡಮಾರುತ. ಹೆಸರು ದೊರೆಯುವುದೂ ಚಂಡಮಾರುತದ ಹಂತ ತಲುಪಿದ ಬಳಿಕವೇ. ಕಡಲ ದಂಡೆಯ ಮೀನುಗಾರನಿಗೆ, ಬಂದರಿಗೆ ಇದು ಸರಿಯಾದ ಅಳತೆಗೋಲು. ಒಳನಾಡಿನ ಬೇಸಾಯಗಾರನಿಗೆ ಅಲ್ಲ. ಗಾಳಿ ತಗ್ಗಿದರೂ ಮೋಡಗಳು ಹೊತ್ತುತಂದ ತೇವಾಂಶ ಒಮ್ಮೆಲೇ ಇಲ್ಲವಾಗುವುದಿಲ್ಲ. ವ್ಯವಸ್ಥೆ ನಿಧಾನವಾಗಿ ಚಲಿಸಿದರೆ ಒಂದೇ ಪ್ರದೇಶದ ಮೇಲೆ ದಿನಗಟ್ಟಲೆ ಮಳೆ ಸುರಿಯುತ್ತದೆ.

2021ರ ನವೆಂಬರ್ 19ರ ಮುಂಜಾನೆ ಚೆನ್ನೈ ಸಮೀಪ ಕರಾವಳಿ ದಾಟಿದ್ದು ಬರಿಯ ವಾಯುಭಾರ ಕುಸಿತ. ಅದಕ್ಕೊಂದು ಹೆಸರೂ ಇರಲಿಲ್ಲ. ಆದರೂ ಅದೇ ದಿನ ಆಂಧ್ರದ ಕಡಪ ಜಿಲ್ಲೆಯಲ್ಲಿ ಅನ್ನಮಯ್ಯ ಅಣೆಕಟ್ಟು ಒಡೆಯಿತು; ಪಾಲಾರ್ ನದಿ ಉಕ್ಕಿ ವೆಲ್ಲೂರಿನಲ್ಲಿ ಪ್ರವಾಹ ಬಂತು. ಆ ತಿಂಗಳ ಮಳೆಗೆ ಕೋಲಾರ ಜಿಲ್ಲೆಯಲ್ಲಿ ಕೆರೆಗಳು ಕೋಡಿ ಹರಿದವು. ರಾಗಿ, ಟೊಮೆಟೊ ಹೊಲದಲ್ಲೇ ಕೊಳೆತವು. ನಗರಗಳಲ್ಲಿ ಟೊಮೆಟೊ ಬೆಲೆ ಗಗನಕ್ಕೇರಿತು. ಗ್ರಾಹಕ ಹೆಚ್ಚು ತೆತ್ತ. ಬೆಳೆ ಕಳೆದುಕೊಂಡವನಿಗೆ ಆ ಬೆಲೆ ದಕ್ಕಲಿಲ್ಲ.

ನವೆಂಬರ್-ಡಿಸೆಂಬರ್ ಈ ಸೀಮೆಯ ರಾಗಿ ಕೊಯ್ಲಿನ ಕಾಲ. ಕೊಯ್ದ ತೆನೆ ಹೊಲದಲ್ಲಿ ಒಣಗುತ್ತಿರುತ್ತದೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಕೊಯ್ಲಾದ ಹದಿನಾಲ್ಕು ದಿನಗಳೊಳಗೆ ಚಂಡಮಾರುತದ ಮಳೆ ಅಥವಾ ಅಕಾಲಿಕ ಮಳೆಯಿಂದಾಗುವ ನಷ್ಟಕ್ಕೆ ಪರಿಹಾರದ ಅವಕಾಶವಿದೆ. ಆದರೆ 72 ಗಂಟೆಗಳೊಳಗೆ ದೂರು ದಾಖಲಾಗಬೇಕು; ನೆನೆದ ಹುಲ್ಲನ್ನು ಹೊರಳಿಸುತ್ತಿರುವ ರೈತ ಮೊದಲು ನೋಡುವುದು ಹೊಲವನ್ನು, ಗಡಿಯಾರವನ್ನಲ್ಲ. ಇನ್ನು ಕೊಯ್ಲಿಗೆ ಮುನ್ನವೇ ಮಳೆಗೆ ಸಿಕ್ಕ ಬೆಳೆಯ ನಷ್ಟವನ್ನು ಕಟಾವು ಪ್ರಯೋಗದ ಇಳುವರಿಯಿಂದ ಲೆಕ್ಕಹಾಕಲಾಗುತ್ತದೆ. ತೂಕ ಅಷ್ಟೇನೂ ಕಡಿಮೆಯಾಗದೆ ಕಾಳು ಕಪ್ಪಾದರೆ, ಮೊಳೆತರೆ, ಮಾರುಕಟ್ಟೆಯಲ್ಲಿ ಕುಸಿದ ಬೆಲೆ ಈ ಲೆಕ್ಕಕ್ಕೆ ಸಿಗದು.

ಇದಕ್ಕೆ ಹೊಸ ಸಂಸ್ಥೆಯೇನೂ ಬೇಕಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಕೊಯ್ಲಿನ ತಿಂಗಳುಗಳಲ್ಲಿ ಪಂಚಾಯಿತಿಯ ಮಳೆ ನಿಗದಿತ ಮಿತಿ ದಾಟಿದೊಡನೆ, ದೂರಿಗಾಗಿ ಕಾಯದೆ ಸಮೀಕ್ಷೆ ಆರಂಭವಾಗಬೇಕು. ಕಾಳಿನ ಗುಣಮಟ್ಟದ ನಷ್ಟವೂ ಗಣನೆಗೆ ಬರಬೇಕು. ಮುನ್ಸೂಚನೆಯು ಚಂಡಮಾರುತದ ಹೆಸರಿಗಿಂತ ಮೊದಲು ‘ಎಷ್ಟು ಮಳೆ, ಎಷ್ಟು ದಿನ, ಕೊಯ್ಯಬೇಕೇ, ತಡೆಯಬೇಕೇ’ ಎಂಬುದನ್ನು ಹಳ್ಳಿಗೆ ತಿಳಿಸಬೇಕು. ಕೆರೆಗಳ ಕೋಡಿ, ರಾಜಕಾಲುವೆಗಳ ಹೂಳು ಅಕ್ಟೋಬರ್‌ಗೆ ಮುನ್ನ ತೆರವಾಗಬೇಕು. ನದಿಯ ಆಸರೆಯಿಲ್ಲದ ಜಿಲ್ಲೆಗೆ ಇದೇ ಮಳೆ ಮುಂದಿನ ಬೇಸಿಗೆಯ ಕುಡಿಯುವ ನೀರೂ ಹೌದು.

ಗಾಳಿಯ ವೇಗ ಇಳಿದದ್ದನ್ನು ವಿಪತ್ತು ಮುಗಿದುದೆಂದು ಆಡಳಿತ ಭಾವಿಸುವವರೆಗೆ, ‘ದುರ್ಬಲ’ ಚಂಡಮಾರುತಗಳ ಬೆಲೆಯನ್ನು ಕೋಲಾರದ ಸಣ್ಣ ರೈತನೇ ತೆರಬೇಕಾಗುತ್ತದೆ.